ಆ ಎರಡು ವರ್ಷ ಒಲಿವಿಯಾ ಎಲ್ಲಿದ್ದರು?

ಓದುಗರ ಪತ್ರ: ‘ಗಾನ್ ವಿತ್ ದ ವಿಂಡ್’ ಚಿತ್ರದ ಮೆಲನಿ ನನಗೆ ತುಂಬಾ ಇಷ್ಟ. ಆ ಪಾತ್ರ ಮಾಡಿದ ಒಲಿವಿಯಾ ಡಿ ಹ್ಯಾವಿಲೆಂಡ್ ಅವರ ಚಿತ್ರಗಳ ಪಟ್ಟಿ ನೋಡಿದರೆ 1944, 1945ರಲ್ಲಿ ಒಂದೂ ಇಲ್ಲ. ಕಂಪನಿ ಮೇಲೆ ಕೇಸು ಹಾಕಿದ್ದರಂತೆ. ಅನ್ನ ಕೊಟ್ಟವರ ಜೊತೆ ಜಗಳ ಬೇಕಿತ್ತಾ?

ಸಂಪಾದಕರ ಉತ್ತರ: ಬೇಕಿತ್ತು. ಯಾಕೆ ಅಂತ ಹೇಳುತ್ತೇನೆ.

ನೀವು ಮೆಚ್ಚಿದ ಮೆಲನಿಯಿಂದಲೇ ಶುರು ಮಾಡೋಣ. ಒಲಿವಿಯಾ ಇದ್ದದ್ದು ವಾರ್ನರ್ ಬ್ರದರ್ಸ್ ಕಂಪನಿಯಲ್ಲಿ. ಆದರೆ 1939ರ ಆ ಚಿತ್ರ ಆ ಕಂಪನಿಯದ್ದಲ್ಲ, ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರದು. ಕಳಿಸಿಕೊಡಲು ಯಜಮಾನ ಜ್ಯಾಕ್ ವಾರ್ನರ್‌ಗೆ ಮನಸ್ಸಿರಲಿಲ್ಲ. ಒಲಿವಿಯಾ ಹೋಗಿ ಅವರ ಹೆಂಡತಿಯ ಹತ್ತಿರ ಮಾತಾಡಿ, ಅವರ ಮೂಲಕ ಒಪ್ಪಿಸಬೇಕಾಯಿತು. ತನ್ನ ಕಂಪನಿಯಲ್ಲಿ ಸಿಗುತ್ತಿದ್ದದ್ದು ಬಹುಪಾಲು ನಾಯಕನ ಪಕ್ಕದ ಚೆಂದದ ಹುಡುಗಿಯ ಪಾತ್ರ. ಎರಲ್ ಫ್ಲಿನ್ ಜೊತೆಗೇ ಎಂಟು ಚಿತ್ರ!

ಕರಾರು ಏಳು ವರ್ಷದ್ದು. ಕೊಟ್ಟ ಪಾತ್ರ ಬೇಡ ಅಂದರೆ ನಟಿಯನ್ನು ಸಸ್ಪೆಂಡ್ ಮಾಡುತ್ತಿದ್ದರು. ಅಷ್ಟು ದಿನ ಸಂಬಳ ಇಲ್ಲ. ಅದು ಸಾಲದು ಅಂತ, ಆ ದಿನಗಳನ್ನೆಲ್ಲ ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಬೇಡ ಅಂದಷ್ಟೂ ಬಿಡುಗಡೆ ದೂರ ಹೋಗುತ್ತಿತ್ತು. 1943ರಲ್ಲಿ ಏಳು ವರ್ಷ ಮುಗಿಯಿತು ಅಂದುಕೊಂಡರೆ, ಇನ್ನೂ ಆರು ತಿಂಗಳು ಬಾಕಿ ಇದೆ ಅಂದರು. ಇದನ್ನು ಅನ್ನ ಕೊಡುವುದು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ನಟಿ ಬೆಟ್ಟಿ ಡೇವಿಸ್ ಇದೇ ಕಂಪನಿಯ ಎದುರು 1936ರಲ್ಲಿ ಲಂಡನ್ ಕೋರ್ಟಿನಲ್ಲಿ ಸೋತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ 27ರ ಒಲಿವಿಯಾ ಕೇಸು ಹಾಕಿದರು. ಅವರ ವಕೀಲ ಮಾರ್ಟಿನ್ ಗ್ಯಾಂಗ್ ಹಿಡಿದದ್ದು ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನನ್ನು. ಏಳು ವರ್ಷಕ್ಕಿಂತ ಜಾಸ್ತಿ ಯಾರನ್ನೂ ಕರಾರಿನಲ್ಲಿ ಕಟ್ಟಿಹಾಕುವಂತಿಲ್ಲ ಅಂತ ಅದರಲ್ಲಿತ್ತು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಕೆಲಸ ಮಾಡಿದ ದಿನಗಳ ಲೆಕ್ಕ ಅಲ್ಲ. ವಾದ ಇಷ್ಟೇ.

ಜ್ಯಾಕ್ ವಾರ್ನರ್ ಬೇರೆ ಸ್ಟುಡಿಯೋಗಳಿಗೆಲ್ಲ ಪತ್ರ ಬರೆದು, ಇವರಿಗೆ ಕೆಲಸ ಸಿಗದ ಹಾಗೆ ಮಾಡಿದರು. ನೀವು ನೋಡಿದ ಖಾಲಿ ಜಾಗ ಅದೇ. ಯುದ್ಧದ ಕಾಲ ಬೇರೆ. ಒಲಿವಿಯಾ ಸೈನಿಕ ಆಸ್ಪತ್ರೆಗಳಿಗೆ ಹೋಗಿ ಗಾಯಾಳುಗಳ ಜೊತೆ ಕೂತು ಬರುತ್ತಿದ್ದರು. 1944ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮುಂದಿನ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಕೆದಕಲು ಒಪ್ಪಲಿಲ್ಲ. ಅಲ್ಲಿಗೆ ಎಲ್ಲ ಕಲಾವಿದರಿಗೂ ಬಾಗಿಲು ತೆರೆಯಿತು. ಆ ನಿಯಮವನ್ನು ಇವತ್ತಿಗೂ ‘ಡಿ ಹ್ಯಾವಿಲೆಂಡ್ ಕಾನೂನು’ ಅಂತಲೇ ಕರೆಯುತ್ತಾರೆ.

ಒಳ್ಳೆಯ ವಯಸ್ಸು ಹಾಳಾಯಿತು ಅನ್ನುತ್ತೀರಾ? ಆಮೇಲಿನದನ್ನೂ ನೋಡಿ. 1946ರ ‘ಟು ಈಚ್ ಹಿಸ್ ಓನ್’ ಚಿತ್ರಕ್ಕೆ ಆಸ್ಕರ್. ‘ದ ಸ್ನೇಕ್ ಪಿಟ್’ ಚಿತ್ರಕ್ಕಾಗಿ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ, ರೋಗಿಗಳನ್ನು ಹತ್ತಿರದಿಂದ ನೋಡಿ ಬಂದರು. 1949ರ ‘ದ ಹೈರೆಸ್’ ಚಿತ್ರಕ್ಕೆ ಮತ್ತೆ ಆಸ್ಕರ್. ಇವು ಅವರೇ ಆರಿಸಿಕೊಂಡ ಪಾತ್ರಗಳು. 2020ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವರಿಗೆ 104 ವರ್ಷ.

ಸಮಯವಾದಾಗ ‘ದ ಹೈರೆಸ್’ ನೋಡಿ. ಮದುವೆಯಾಗುತ್ತೇನೆ ಅಂದವನು ಕೈಕೊಟ್ಟಾಗ, ಒಲಿವಿಯಾ ಮಾಡಿದ ನಾಯಕಿ ಪೆಟ್ಟಿಗೆ ಹಿಡಿದು ಒಬ್ಬಳೇ ಮೆಟ್ಟಿಲು ಹತ್ತುತ್ತಾಳೆ. ಆ ಪೆಟ್ಟಿಗೆಯಲ್ಲಿ ನಿರ್ದೇಶಕ ವಿಲಿಯಂ ವೈಲರ್ ನಿಜವಾಗಿಯೂ ಪುಸ್ತಕ ತುಂಬಿಸಿದ್ದರು, ಭಾರ ಮೈಯಲ್ಲಿ ಕಾಣಲಿ ಅಂತ. ಕೊನೆಯಲ್ಲಿ ಅದೇ ಮೆಟ್ಟಿಲು, ಕೈಯಲ್ಲಿ ದೀಪ. ಹೊರಗೆ ಅವನು ಬಾಗಿಲು ಬಡಿಯುತ್ತಲೇ ಇರುತ್ತಾನೆ. ಆಗ ಅವರ ಮುಖ ನೋಡಿ, ಅನ್ನಿಸಿದ್ದನ್ನು ನನಗೆ ಬರೆಯಿರಿ.