‘ಪ್ರಬಂಧ’ ಅಂತ ಹುಡುಕಿದರೆ ಸಿಗೋದು ಪರೀಕ್ಷೆಯ ಪ್ರಬಂಧವೇ

ದಿನದ ಸುದ್ದಿ ಓದಿ ಸಾಕಾಗಿದೆ, ಕೂತು ಓದುವಂಥ ದೀರ್ಘ ವರದಿ, ಪ್ರಬಂಧ ಕನ್ನಡದಲ್ಲಿ ಎಲ್ಲಿವೆ ಅಂತ ಗಂಗಾವತಿಯಿಂದ ಕೇಳಿದ್ದೀರಿ. ಇವೆ. ಹುಡುಕುವ ಪದ ತಪ್ಪಿದರೆ ಮಾತ್ರ ಒಂದೂ ಕಣ್ಣಿಗೆ ಬೀಳಲ್ಲ.

ಗೂಗಲ್‌ನಲ್ಲಿ ಬರೀ ‘ಪ್ರಬಂಧ’ ಅಂತ ಹೊಡೆದರೆ ‘ಪರಿಸರ ಮಾಲಿನ್ಯ’, ‘ಗ್ರಂಥಾಲಯಗಳ ಮಹತ್ವ’ ಬಂದು ಕೂರುತ್ತವೆ. ‘ಲಲಿತ ಪ್ರಬಂಧ’ ಅಂತ ಉದ್ಧರಣ ಚಿಹ್ನೆಯೊಳಗೆ ಹಾಕಿ. ‘ಅನುಭವ ಕಥನ’, ‘ಅಂಕಣ’ ಕೂಡ ನೋಡಿ. ಆನ್‌ಲೈನ್‌ನಲ್ಲಿ ಕೆಂಡಸಂಪಿಗೆ, ಅವಧಿ; ಕಾಗದದಲ್ಲಿ ಮಯೂರ ಮಾಸಿಕ. ಮೊದಲ ಪ್ಯಾರಾದಲ್ಲೇ ‘ಬಾಲ್ಯವೆಂದರೆ ಸುಂದರ’ ಅಂತ ಶುರುವಾದರೆ ನಾನಂತೂ ಮುಂದೆ ಓದಲ್ಲ.

ವರದಿಗೆ ನಿಮ್ಮ ಪಕ್ಕದ್ದೇ ಉದಾಹರಣೆ ತಗೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿ.ಬಿ.) ಡ್ಯಾಮಿನ ನೀರು ಬಿಡುವ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟ್ ಕೊಚ್ಚಿಹೋಯಿತು. ಆ ವಾರ ಬಂದದ್ದೆಲ್ಲ ಕ್ಯೂಸೆಕ್ ಲೆಕ್ಕ, ಮಂತ್ರಿಗಳ ಭೇಟಿ. ಸರಪಳಿ ನೋಡಿಕೊಳ್ಳುವ ಹೊಣೆ ಯಾರದು, ಎಡದಂಡೆ ನಾಲೆಯ ಕೊನೆಭಾಗದ ಮಾನ್ವಿ, ಸಿರವಾರದ ರೈತ ಭತ್ತ ನಾಟಿ ಮಾಡಬೇಕೋ ಬೇಡವೋ ಅಂತ ಹೇಗೆ ತೀರ್ಮಾನಿಸಿದ ಅನ್ನೋದಕ್ಕೆ ಊರೂರು ತಿರುಗಬೇಕು, ಕಡತ ನೋಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಹುಡುಕುವಾಗ ‘ಟೂಲ್ಸ್’ ಒತ್ತಿ, ಘಟನೆಯ ನಂತರದ ಎರಡು ತಿಂಗಳು ಬಿಟ್ಟು ಮುಂದಿನ ದಿನಾಂಕ ಹಾಕಿ. ಅರ್ಧ ಕಸ ಅಲ್ಲೇ ಸೋಸಿಹೋಗುತ್ತದೆ.

ಬಳ್ಳಾರಿ ಗಣಿ ಬಗ್ಗೆ ಇಂಗ್ಲಿಷ್ ಬರಹ ಬೇಕಿದ್ದರೆ ಊರಿನ ಹಳೆ ಸ್ಪೆಲಿಂಗೇ ಹಾಕಿ. ಅಧಿಕೃತವಾಗಿ ಹೆಸರು ಬದಲಾದದ್ದು 2014ರ ನವೆಂಬರ್‌ನಲ್ಲಿ. ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿಯ ಕಾಲದ ಬರಹವೆಲ್ಲ ‘ಬೆಲ್ಲಾರಿ’ (Bellary) ಅಂತಲೇ ಇದೆ. ಕನ್ನಡದ ಹಳೆ ಪುಟಗಳದ್ದು ಬೇರೆ ತಾಪತ್ರಯ: ಯೂನಿಕೋಡ್‌ಗಿಂತ ಮುಂಚಿನ ಫಾಂಟಿನಲ್ಲಿದ್ದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗಲ್ಲ.

ಒಂದು ವರದಿ ಹಿಡಿಸಿತೆಂದರೆ ಬರೆದವರ ಹೆಸರು ಒತ್ತಿ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಶುರುಮಾಡಿದ, ಹಳ್ಳಿಗಳ ವರದಿಗಳ ಜಾಲತಾಣ ‘ಪರಿ’ಯಲ್ಲಿ (PARI) ಹಾಗೆ ಒತ್ತಿದರೆ ಆ ಬರಹಗಾರರ ಹಳೆಯ ವರದಿಗಳೂ ತೆರೆಯುತ್ತವೆ. ಅಲ್ಲಿ ಕನ್ನಡ ಅನುವಾದವೂ ಇದೆ, ದುಡ್ಡು ಕೊಡಬೇಕಿಲ್ಲ. ಅನುವಾದಕರ ಹೆಸರೂ ಗುರುತಿಟ್ಟುಕೊಳ್ಳಿ. ಅದೇ ವರದಿ ಅನುವಾದಕರ ಕೈಯಲ್ಲಿ ಏಳುತ್ತದೆ, ಬೀಳುತ್ತದೆ.

ಕೂಡಿಡಲು ಪಾಕೆಟ್ ಆ್ಯಪ್ ಈಗಿಲ್ಲ, 2025ರ ಜುಲೈನಲ್ಲಿ ಮುಚ್ಚಿತು. ಫೋನಿನ ಪ್ರಿಂಟ್ ಆಯ್ಕೆಯಲ್ಲಿ ಪಿಡಿಎಫ್ ಮಾಡಿಟ್ಟುಕೊಳ್ಳಿ. ರಾಯಚೂರು ಬಸ್ಸಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಸಿಂಧನೂರು ಮುಟ್ಟುವಷ್ಟರಲ್ಲಿ ಎರಡು ಮುಗಿಯುತ್ತವೆ.