ಹಾಲಿನ ಪ್ಯಾಕೆಟ್ ನಿಂತ ಮೇಲೆ

ಹೆಸರು ಹೇಳಲ್ಲ, ಮನೆ ಕಡೆ ವಿವರನೂ ಗುರುತು ಸಿಗದಂಗೆ ಬದಲಾಯಿಸಿದೀನಿ. ದಾವಣಗೆರೆಯ ಒಬ್ಬ ಹೆಂಗಸು, ವಯಸ್ಸು 60ರ ಹತ್ರ, ಯಜಮಾನ್ರು ತೀರಿಕೊಂಡು ಒಂದೂವರೆ ವರ್ಷ, ಮಗ ಸೊಸೆ ಬೆಂಗ್ಳೂರಲ್ಲಿ. ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡಿದ್ರು, ಆಮೇಲೆ ಸ್ಕ್ಯಾನ್ ಮಾಡಿಸಿದ್ರೆ ಬೆನ್ನುಮೂಳೆ ಟಿ-ಸ್ಕೋರ್, ಅಂದ್ರೆ ಮೂಳೆ ಎಷ್ಟು ಗಟ್ಟಿ ಐತೆ ಅಂತ ಹೇಳೋ ಅಂಕಿ, ಮೈನಸ್ 2.7 ಬಂತು. ಮೈನಸ್ 2.5 ಮುಟ್ಟಿದ್ರೇ ಆಸ್ಟಿಯೊಪೊರೋಸಿಸ್, ಮೂಳೆ ಟೊಳ್ಳಾಗೋ ಕಾಯಿಲೆ, ಅಂತ ಲೆಕ್ಕ. ಸೊಸೆ ಮೊಬೈಲಲ್ಲಿ ಏನೋ ನೋಡಿ "ಅತ್ತೆ, ಕಾಫಿನೇ ನಿಮ್ಮ ಮೂಳೆ ತಿಂದಿರೋದು" ಅಂದ್ಲಂತೆ. ಅವತ್ತಿಂದ ಒಂದು ಗುಟುಕೂ ಮುಟ್ಟದೆ, ಮೂರು ದಿನ ತಲೆ ಸಿಡಿಯೋ ನೋವು, ಸಿಡಿಮಿಡಿ, ಯಾರ ಜೊತೆನೂ ಮಾತು ಬೇಡ ಅನ್ನಂಗಾಗಿ, ಮಗ ಹೆದರಿ ಸಲಹೆ ಕೇಳೋಕೆ ನನ್ನ ಹತ್ರ ಕರ್ಕೊಂಡು ಬಂದ.

ಕೂತವರೇ ಮೊದಲು ಅಂದಿದ್ದು "ನನ್ನ ಕೈ ನಾನೇ ಮುರ್ಕೊಂಡೆ ರೀ ಮೇಡಂ, ಇನ್ನು ರೊಟ್ಟಿ ಬಡಿಯಾಕ ಆಗ್ತೈತೋ ಇಲ್ವೋ". ನೋವಿರೋ ಮನುಷ್ಯರ ತಲೆ ಮೇಲೆ ತಪ್ಪಿನ ಭಾರ ಹೊರಿಸೋದು ನನಗೆ ತಡೆಯಕ್ಕಾಗಲ್ಲ, ಹಂಗಾಗಿ ಕಾಫಿ ಮಾತು ಬಿಟ್ಟು ಬೆಳಗ್ಗಿಂದ ರಾತ್ರಿ ತನಕ ಏನೇನ್ ಮಾಡ್ತೀರಿ ಹೇಳಿ ಅಂದೆ.

ದಿನಕ್ಕೆ ಏಳು ಕಪ್. ಇನ್‌ಸ್ಟಂಟ್ ಕಾಫಿಪುಡಿ ಸ್ಯಾಚೆ, ಬಿಸಿನೀರು, ಸಕ್ಕರೆ, ಅಷ್ಟೇ. ಯಾಕಮ್ಮಾ ಹಾಲು ಹಾಕಲ್ವಾ ಅಂದ್ರೆ "ಅವರು ಹೋದ್ಮ್ಯಾಲೆ ಹಾಲು ನಿಲ್ಲಿಸಿಬಿಟ್ಟೆ ರೀ, ಒಬ್ಬಾಕಿಗೆ ಯಾಕ ಅರ್ಧ ಲೀಟರ್ರು". ಮೊದಲು ಬೆಳಗ್ಗೆ ಐದು ಗಂಟೆಗೆ ಯಜಮಾನ್ರು ಪ್ಯಾಕೆಟ್ ತರೋರು, ಇಬ್ಬರೂ ಕಟ್ಟೆ ಮೇಲೆ ಕೂತು ಕುಡಿಯೋರು, ಉಳಿದಿದ್ದಕ್ಕೆ ಹೆಪ್ಪು. ಹಾಲಿನ ಜೊತೆ ಮೊಸರು ಮಜ್ಜಿಗೆನೂ ಹೋಯ್ತು, ಬೆಳಗಿನ ತಿಂಡಿನೂ ಹೋಯ್ತು, ಹಸಿವಾದ್ರೆ ಇನ್ನೊಂದು ಕಾಫಿ, ಸಂಜೆಗೆ ಒಂದಿಷ್ಟು ಮಂಡಕ್ಕಿ. ಇದನ್ನ ಹೇಳ್ತಾ ಅವರು ಅತ್ತರು, ನಾನು ಸುಮ್ನೆ ಕೂತಿದ್ದೆ.

ಆಮೇಲೆ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಒಂದು ಕಪ್ ಕಾಫಿಯಿಂದ ದೇಹಕ್ಕೆ ಆಗೋ ಕ್ಯಾಲ್ಸಿಯಂ ನಷ್ಟ ಸುಮಾರು 2-3 ಮಿಲಿಗ್ರಾಂ, ಏಳು ಕಪ್ಪಿಗೆ ಹೆಚ್ಚಂದ್ರೆ 20ರ ಆಸುಪಾಸು, ಎರಡು ದೊಡ್ಡ ಚಮಚ ಹಾಲಿಗೆ ತುಂಬಿ ಬರುತ್ತೆ. ಅವರ ಪಾಲಿನ ಕಾಲು ಲೀಟರ್ ಹಾಲಲ್ಲಿ ಇದ್ದಿದ್ದು ಹತ್ರ ಹತ್ರ 300. ಮುಟ್ಟು ನಿಂತ ಮೇಲೆ ಹೆಂಗಸರಿಗೆ ದಿನಕ್ಕೆ 1200 ಬೇಕು, ಆ ವಯಸ್ಸಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಳಿದು ಮೂಳೆ ತಾನಾಗೇ ಸವೀತಿರುತ್ತೆ. ಹಂಗಂತ ಕಾಫಿ ಪೂರ್ತಿ ನಿರಪರಾಧಿ ಅಂತ ನಾನು ಹೇಳ್ಲಿಲ್ಲ. ಇನ್‌ಸ್ಟಂಟ್ ಒಂದು ಕಪ್ಪಿಗೆ 50-65 ಮಿಲಿಗ್ರಾಂ ಕೆಫೀನ್, ಏಳಾದ್ರೆ ದಿನಕ್ಕೆ 300 ಮಿಲಿಗ್ರಾಂ ಅನ್ನೋ ಮಿತಿ ದಾಟುತ್ತೆ, ಅರ್ಧ ಕೆಫೀನ್ ಇಳಿಯೋಕೇ ಐದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಕುಡಿದು ನಿದ್ದೆ ಬರದೆ ಮೂರು ಮೂರು ಸಲ ಕತ್ತಲಲ್ಲಿ ಏಳ್ತಿದ್ರಲ್ಲ, ಬಿದ್ದಿದ್ದು ಅಂಥದ್ದೇ ಹೊತ್ತಲ್ಲಿ.

ಇನ್ನೊಂದು ವಿಷಯ ಕೇಳಿ ಗಾಬರಿ ಆಯ್ತು. ಮೂಳೆಗೆ ಕೊಟ್ಟಿದ್ದ ವಾರಕ್ಕೊಂದು ಮಾತ್ರೆ, ಅಲೆಂಡ್ರೊನೇಟ್, ಅದನ್ನ ಶುರುವಲ್ಲಿ ಬೆಳಗಿನ ಕಾಫಿ ಜೊತೆನೇ ನುಂಗಿದಾರೆ. ಕಾಫಿ ಜೊತೆ ತಗೊಂಡ್ರೆ ಅದು ಮೈಗೆ ಹತ್ತೋದು ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಖಾಲಿ ಹೊಟ್ಟೇಲಿ ಒಂದು ದೊಡ್ಡ ಲೋಟ ಬರೀ ನೀರಲ್ಲೇ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು ಕುಡಿಯಬಾರದು. ಡಾಕ್ಟರ್ ಹತ್ರ ಇನ್ನೊಂದ್ಸಲ ಹೋಗಿ ಇದನ್ನ ಹೇಳಿ ಬನ್ನಿ ಅಂತ ಅವತ್ತೇ ಕಳಿಸ್ದೆ.

ಕಾಫಿ ಒಮ್ಮೆಲೇ ಬಿಡಬೇಡಿ, ತಲೆನೋವು ಅದಕ್ಕೇ ಬಂದಿದ್ದು, ಸದ್ಯಕ್ಕೆ ನಾಲ್ಕು ಕಪ್ ಕುಡೀರಿ, ನಾಲ್ಕೈದು ದಿನಕ್ಕೊಂದು ಇಳಿಸ್ಕೊಂಡು ಎರಡಕ್ಕೆ ನಿಲ್ಲಿಸಿ, ಮಧ್ಯಾಹ್ನ ಎರಡರ ಮೇಲೆ ಬೇಡ ಅಂದೆ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇರ್ಲಿ, ಇಲ್ದಿದ್ರೆ ಊಟದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ. ತಿಂಡಿಗೆ ರಾಗಿ ಅಂಬಲಿ ಮಜ್ಜಿಗೆ ಹಾಕಿ, ರೊಟ್ಟಿಗೆ ಎಳ್ಳು ಹಚ್ಚಿ. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಕುಂದವಾಡ ಕೆರೆ ಏರಿ ಮೇಲೆ ನಡೀರಿ. ಮುಖ್ಯವಾಗಿ ಹಾಲಿನ ಪ್ಯಾಕೆಟ್ ಮತ್ತೆ ಹಾಕಿಸ್ಕೊಳ್ಳಿ, ಒಬ್ಬರಿಗೇ ಆದ್ರೂ ಸರಿ, ಅರ್ಧ ಲೀಟರೇ. ಅದಕ್ಕೆ ತುಂಬಾ ಹೊತ್ತು ಒಪ್ಪಲಿಲ್ಲ.

ಮೂರು ತಿಂಗಳಾದ್ಮೇಲೆ ಬಂದ್ರು, ಕೈ ಕೂಡಿತ್ತು. ಹಾಲು ಬರ್ತೈತಂತೆ, ಬೆಳಗ್ಗೆ ಐದಕ್ಕೆ ಈಗ ಪಕ್ಕದ ಮನೆಯಾಕಿ ಕಟ್ಟೆ ಮೇಲೆ ಬಂದು ಕೂರ್ತಾಳಂತೆ, ಇಬ್ಬರಿಗೂ ಹಾಲು ಹಾಕಿದ ಕಾಫಿ ಒಂದೊಂದು ಲೋಟ. ಬಚ್ಚಲ ದಾರೀಲಿ ಮಗ ರಾತ್ರಿಯೆಲ್ಲ ಉರಿಯೋ ಸಣ್ಣ ಬಲ್ಬ್ ಹಾಕಿಸಿದಾನೆ.