ಜೀವಾವಧಿ ಅಂದರೆ ಎಷ್ಟು ವರ್ಷ?

ಜಯನಗರದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: 'ಕೋರ್ಟು ಜೀವಾವಧಿ ಶಿಕ್ಷೆ ಕೊಡುತ್ತದೆ. ಹದಿನಾಲ್ಕು ವರ್ಷಕ್ಕೆ ಸರ್ಕಾರ ಬಿಟ್ಟು ಕಳಿಸುತ್ತದೆ. ಜೈಲಿನ ಬಾಗಿಲಲ್ಲಿ ಹಾರ ಹಿಡಿದು ಜನ ನಿಂತಿರುತ್ತಾರೆ. ಇದಕ್ಕಿಂತ ಗಲ್ಲಿಗೆ ಹಾಕೋದೇ ವಾಸಿ ಅಲ್ವಾ? ಬಿಡುಗಡೆ ಮಾಡುವ ಅಧಿಕಾರವನ್ನೇ ಸರ್ಕಾರದಿಂದ ಕಿತ್ತುಕೊಳ್ಳಬೇಕು.'

ಮೇಷ್ಟ್ರೇ, ನಮಸ್ಕಾರ.

ಮೊದಲು ಹದಿನಾಲ್ಕರ ಲೆಕ್ಕ. ಜೀವಾವಧಿ ಅಂದರೆ ಸಾಯುವವರೆಗೆ. ಗಾಂಧಿ ಹತ್ಯೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ, ನಾಥೂರಾಮನ ತಮ್ಮ ಗೋಪಾಲ ಗೋಡ್ಸೆ ಬಿಡುಗಡೆ ಕೇಳಿ ಹೋದಾಗ, 1961ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. 14 ವರ್ಷ ಕಾನೂನಿಗೆ ಬಂದದ್ದು 1978ರಲ್ಲಿ. ಕೊಲೆಯಂಥ, ಗಲ್ಲೂ ಆಗಬಹುದಾದ ಅಪರಾಧದಲ್ಲಿ ಅಷ್ಟು ವರ್ಷ ತುಂಬುವ ಮೊದಲು ಬಿಡಬೇಡಿ ಅಂತ ಸರ್ಕಾರಕ್ಕೆ ಹಾಕಿದ ತಡೆ ಅದು. ತುಂಬಿದ ಮೇಲೆ ಬಿಡಲೇಬೇಕು ಅಂತ ಎಲ್ಲೂ ಇಲ್ಲ.

ಹಾರದ ಕಥೆಯೂ ಹಳೆಯದೇ. ಅದೇ ಗೋಡ್ಸೆ 1964ರ ಅಕ್ಟೋಬರಿನಲ್ಲಿ ಹೊರಬಂದಾಗ ಪುಣೆಯಲ್ಲಿ ಸಭೆ ಮಾಡಿ ಸ್ವಾಗತಿಸಿದರು. ಕೊಲೆಯ ಸಂಚು ತನಗೆ ಮೊದಲೇ ಗೊತ್ತಿತ್ತು ಅಂತ ಟಿಳಕರ ಮೊಮ್ಮಗ ಕೇತ್ಕರ್ ಅಲ್ಲೇ ಹೇಳಿಬಿಟ್ಟರು! ಸಂಸತ್ತಿನಲ್ಲಿ ಗದ್ದಲವೆದ್ದು, ಗೋಡ್ಸೆ ಮತ್ತೆ ಜೈಲಿಗೆ ಹೋಗಿ, ಕಡೆಗೆ ಆ ಸಂಚಿನ ತನಿಖೆಗೆ ಕಪೂರ್ ಆಯೋಗವೇ ಬಂತು. 2002ರ ಗುಜರಾತ್ ಗಲಭೆಯ ಅತ್ಯಾಚಾರ, ಕೊಲೆಗಳ ಬಿಲ್ಕಿಸ್ ಬಾನು ಕೇಸಿನ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ ಬಿಟ್ಟಾಗ, 2022ರ ಆಗಸ್ಟ್ 15ರಂದು ಅವರಿಗೂ ಹಾರ ಬಿತ್ತು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಬಿಡುವ ಅಧಿಕಾರ ಗುಜರಾತಿಗೆ ಇರಲೇ ಇಲ್ಲ ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದು ಮಾಡಿತು.

ಗಲ್ಲಾದರೆ ರಾಜಕೀಯ ನುಸುಳುವುದಿಲ್ಲ ಅನ್ನುತ್ತೀರಾ? ರಾಜೀವ್ ಗಾಂಧಿ ಹಂತಕರ ಕ್ಷಮಾದಾನದ ಅರ್ಜಿ ದೆಹಲಿಯಲ್ಲಿ 11 ವರ್ಷ ಕೂತಿತ್ತು. ಆ ವಿಳಂಬಕ್ಕೇ 2014ರ ಫೆಬ್ರವರಿಯಲ್ಲಿ ಮೂವರ ಗಲ್ಲು ಜೀವಾವಧಿ ಆಯಿತು. ಮಾರನೇ ದಿನವೇ ಜಯಲಲಿತಾ ಸಂಪುಟ ಬಿಡುಗಡೆಗೆ ತೀರ್ಮಾನಿಸಿತು. ಲೋಕಸಭೆ ಚುನಾವಣೆ ಹೊಸ್ತಿಲಲ್ಲಿತ್ತು ನೋಡಿ.

ನಮ್ಮದೇ ನೆನಪು ಒಂದಿದೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. ಬೆಂಗಳೂರಿನಲ್ಲಿ ಅಂಗಡಿಗಳ ಬಾಗಿಲು ಬಿತ್ತು. ಟಾಡಾ ಅನ್ನುವ ಭಯೋತ್ಪಾದನೆ ತಡೆ ಕಾನೂನಿನಡಿ ಮೈಸೂರು ಜೈಲಿನಲ್ಲಿದ್ದ ಆರೋಪಿಗಳನ್ನು ಬಿಡಿ ಅನ್ನುವುದು ಅವನ ಬೇಡಿಕೆಗಳಲ್ಲೊಂದು. ಎಸ್.ಎಂ. ಕೃಷ್ಣ ಸರ್ಕಾರ ಟಾಡಾ ಕೈಬಿಡಲು ಮುಂದಾಯಿತು, ಮೈಸೂರಿನ ಕೋರ್ಟು ಒಪ್ಪಿಯೂಬಿಟ್ಟಿತು. ಆಗ ಅಡ್ಡ ಬಂದವರು ಅಬ್ದುಲ್ ಕರೀಂ. 1992ರಲ್ಲಿ ವೀರಪ್ಪನ್ ಗುಂಪು ಕೊಂದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ಇಡೀ ರಾಜ್ಯ ಅಣ್ಣಾವ್ರು ಬಂದರೆ ಸಾಕು ಅನ್ನುತ್ತಿದ್ದಾಗ ಆ ಹಿರಿಯರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನವೆಂಬರ್ 7ರಂದು ಗೆದ್ದರು. ಅದಾಗಿ ವಾರದಲ್ಲಿ ಅಣ್ಣಾವ್ರೂ ಕಾಡಿನಿಂದ ವಾಪಸ್ ಬಂದರು. ಆ ದಿನಗಳಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ನಾನೇ ಕೂತಿದ್ದರೂ ಬಹುಶಃ ಸಹಿ ಹಾಕುತ್ತಿದ್ದೆ. ಅದಕ್ಕೇ ಕೋರ್ಟು ಬೇಕು.

ಹಾಗಂತ ಅಧಿಕಾರವನ್ನೇ ಕೀಳುವುದಾ? ಅರ್ಧ ಕಿತ್ತಾಗಿದೆ, ಅದೂ ಬೆಂಗಳೂರಿನ ಕೇಸಿನಲ್ಲೇ. ಹೆಂಡತಿಯನ್ನು ಕೊಂದು ಮನೆಯಲ್ಲೇ ಹೂತ ಶ್ರದ್ಧಾನಂದನಿಗೆ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿತು, ಆದರೆ ಸಾಯುವವರೆಗೆ ಶಿಕ್ಷೆ ಕಡಿತ ಇಲ್ಲ ಅಂದಿತು. ಇಂಥ ಶಿಕ್ಷೆ ಸರಿಯೇ ಅನ್ನುವ ಪ್ರಶ್ನೆಗೆ 2015ರಲ್ಲಿ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಉತ್ತರ ಕೊಟ್ಟಿತು. ಮೂವರು ಸರಿ ಅಂದರು. ಕಡಿತ ಸರ್ಕಾರದ ಕೆಲಸ, ಅದನ್ನು ಕೋರ್ಟು ಮೊದಲೇ ಮುಚ್ಚಿಬಿಡಬಾರದು ಅಂದರು ಇನ್ನಿಬ್ಬರು.

ನಾನು ಆ ಇಬ್ಬರ ಕಡೆ. ಇಪ್ಪತ್ತೈದಕ್ಕೆ ಜಗಳದಲ್ಲಿ ಕೊಲೆ ಮಾಡಿದವನು ನಲವತ್ತೈದಕ್ಕೆ ಬೇರೆ ಮನುಷ್ಯನಾಗಿರಬಹುದು. ಹಾರ ಹಾಕುವವರು ಯಾರೂ ಇಲ್ಲದ ಅಂಥವನ ಫೈಲನ್ನು ಯಾರಾದರೂ ತೆಗೆದು ನೋಡಬೇಕಲ್ಲ. ನೋಡಿದವರು ಯಾಕೆ ಬಿಟ್ಟೆವು, ಯಾಕೆ ಬಿಡಲಿಲ್ಲ ಅಂತ ಬರೆದು ಸಹಿ ಹಾಕಲಿ. ಆ ಹಾಳೆ, ಕೊಲೆಯಾದವರ ಮನೆಯವರು ಕೇಳಿದ ದಿನವೇ ಅವರ ಕೈಗೆ ಸಿಗಲಿ.

- ಸಂ.